ಮೆಟಾವರ್ಸ್ ಸೋತ ಕಡೆ ನರಿ, ತೋಳಗಳು ಗೆದ್ದಿದ್ದು ಹೇಗೆ?

2026ರ ಜನವರಿಯಲ್ಲಿ ಮೆಟಾ ಕಂಪನಿ ತನ್ನ ರಿಯಾಲಿಟಿ ಲ್ಯಾಬ್ಸ್ ವಿಭಾಗದಲ್ಲಿ ಸುಮಾರು 1,500 ಜನರನ್ನು ಕೆಲಸದಿಂದ ತೆಗೆಯಿತು. ವಿಆರ್ (ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಹೊಕ್ಕುವ ಕಂಪ್ಯೂಟರ್ ಲೋಕ) ಆಟಗಳನ್ನು ಮಾಡುತ್ತಿದ್ದ ಮೂರು ಸ್ಟುಡಿಯೋಗಳಿಗೆ ಬೀಗ ಬಿತ್ತು. ಹೆಡ್‌ಸೆಟ್ ಹಾಕಿಕೊಂಡು ಆಫೀಸ್ ಮೀಟಿಂಗ್ ಮಾಡಲಿ ಅಂತ ತಂದಿದ್ದ ಹೊರೈಜನ್ ವರ್ಕ್‌ರೂಮ್ಸ್ ಫೆಬ್ರುವರಿಯಲ್ಲಿ ನಿಂತೇಹೋಯಿತು. 2020ರ ಕೊನೆಯಿಂದ ಈ ವಿಭಾಗ ಕಳೆದುಕೊಂಡಿರುವುದು 7,000 ಕೋಟಿ ಡಾಲರ್‌ಗೂ ಜಾಸ್ತಿ, ಅಂದರೆ ಸುಮಾರು 6 ಲಕ್ಷ ಕೋಟಿ ರೂಪಾಯಿ. ಜನರೆಲ್ಲ ಇಂಥ ಲೋಕದಲ್ಲೇ ಸೇರುತ್ತಾರೆ ಅನ್ನುವ ಮೆಟಾವರ್ಸ್ ಕಥೆ ಮುಗಿಯಿತು ಅನ್ನುವ ತಲೆಬರಹಗಳು ಬಂದಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಇದೇ ವಿಆರ್ ಒಳಗೆ ವರ್ಷ ವರ್ಷ ನಡೆಯುತ್ತಿರುವ ಒಂದು ಹಬ್ಬ ಇದೆ. ಹೆಸರು ಫ್ಯುರಾಲಿಟಿ. ಸಾವಿರಾರು ಜನ ಹೆಡ್‌ಸೆಟ್ ಹಾಕಿಕೊಂಡು ನರಿ, ತೋಳ, ಹುಲಿ, ಡ್ರ್ಯಾಗನ್ ರೂಪದಲ್ಲಿ ಸೇರುತ್ತಾರೆ. ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ ನಡೆದಾಡುವ, ಮಾತಾಡುವ, ಕುಣಿಯುವ ಪ್ರಾಣಿಗಳು. ಸಂಗೀತ ಕಾರ್ಯಕ್ರಮ, ಚರ್ಚೆ, ಕಲಾವಿದರ ಮಳಿಗೆ, ಹೊಕ್ಕು ಸುತ್ತಾಡಬಹುದಾದ ದೊಡ್ಡ ದೊಡ್ಡ ಕಲಾಲೋಕಗಳು ಎಲ್ಲವೂ ಅಲ್ಲಿವೆ. ಇದನ್ನು ನಡೆಸುವವರು ಸ್ವಯಂಸೇವಕರು.

ಲಕ್ಷಾಂತರ ಕೋಟಿ ಸುರಿದ ಕಡೆ ಜನ ಬರಲಿಲ್ಲ, ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು ಕಟ್ಟಿದ ಕಡೆ ಜನ ಕಿಕ್ಕಿರಿದರು. ಇದು ಹೇಗೆ ಸಾಧ್ಯ? ಇದಕ್ಕೆ ಸುಮ್ನೆ "ವಿಚಿತ್ರ ಜನ, ವಿಚಿತ್ರ ಹವ್ಯಾಸ" ಅಂದುಬಿಟ್ಟರೆ ಉತ್ತರ ಸಿಗುವುದಿಲ್ಲ. ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಫರ್ರಿ ಅಂದರೆ ಯಾರು?

ಮನುಷ್ಯರ ಗುಣ, ನಡೆ, ಮಾತು ಇರುವ ಪ್ರಾಣಿ ಪಾತ್ರಗಳನ್ನು ಇಷ್ಟಪಡುವ, ಬರೆಯುವ, ಚಿತ್ರಿಸುವ ಬಳಗವನ್ನು ಫರ್ರಿ ಅನ್ನುತ್ತಾರೆ. ಪ್ರಾಣಿಗಳ ಬಾಯಲ್ಲಿ ಮಾತಾಡಿಸುವುದು ಹಳೆಯ ರೂಢಿಯೇ. ಕನ್ನಡದಲ್ಲಿ ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರ ಬರೆದ. ಫರ್ರಿ ಬಳಗದಲ್ಲಿ ಹೊಸದೇನೆಂದರೆ, ಇಲ್ಲಿ ಒಬ್ಬೊಬ್ಬರೂ ತಮಗಾಗಿಯೇ ಒಂದು ಪಾತ್ರವನ್ನು ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಹೆಸರು, ಬಣ್ಣ, ಸ್ವಭಾವ ಎಲ್ಲ ಇರುತ್ತದೆ. ಅದನ್ನು ಫರ್‌ಸೋನಾ ಅನ್ನುತ್ತಾರೆ.

ಈ ಬಳಗ 1980ರ ದಶಕದಲ್ಲಿ ಅಮೆರಿಕದ ವಿಜ್ಞಾನ ಕಥಾ ಸಮ್ಮೇಳನಗಳ ಮೂಲೆಯಲ್ಲಿ ಹುಟ್ಟಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಕಾನ್‌ಫರೆನ್ಸ್ ಎಂಬ ಮೊದಲ ಫರ್ರಿ ಸಮ್ಮೇಳನ ನಡೆದಾಗ ಬಂದವರು ನೂರು ಜನರೂ ಇರಲಿಲ್ಲ. 1997ರಲ್ಲಿ ಶುರುವಾದ ಆಂಥ್ರೋಕಾನ್ 2006ರಿಂದ ಪಿಟ್ಸ್‌ಬರ್ಗ್ ನಗರದಲ್ಲಿ ನಡೆಯುತ್ತಿದೆ. ಈಗ ಅಲ್ಲಿಗೆ ಹತ್ತು ಸಾವಿರಕ್ಕೂ ಜಾಸ್ತಿ ಜನ ಬರುತ್ತಾರೆ, ಊರಿನ ಹೋಟೆಲ್‌ಗಳು ತುಂಬುತ್ತವೆ, ವೇಷಧಾರಿಗಳ ಮೆರವಣಿಗೆ ನೋಡಲು ಊರಿನವರು ಮಕ್ಕಳನ್ನು ಕರೆದುಕೊಂಡು ಬಂದು ರಸ್ತೆ ಬದಿಯಲ್ಲಿ ನಿಲ್ಲುತ್ತಾರೆ.

ಇವರು ತಮ್ಮನ್ನು ನಿಜವಾಗಿ ಪ್ರಾಣಿ ಅಂದುಕೊಂಡಿದ್ದಾರೆ ಅನ್ನುವುದು ಹೊರಗಿನವರಲ್ಲಿ ತುಂಬ ಹರಡಿರುವ ತಪ್ಪು ಕಲ್ಪನೆ. ದಸರೆಯಲ್ಲಿ ಮಂಗಳೂರಿನ ಬೀದಿಯಲ್ಲಿ ಹುಲಿವೇಷ ಹಾಕಿ ಕುಣಿಯುವವನು ತಾನು ಹುಲಿ ಅಂತ ನಂಬಿರುವುದಿಲ್ಲ, ಆದರೆ ಬಣ್ಣ ಬಿದ್ದ ಮೇಲೆ ಅವನ ಹೆಜ್ಜೆ ಬೇರೆಯಾಗುತ್ತದೆ, ಅಲ್ವಾ? ಬಹುಪಾಲು ಫರ್ರಿಗಳ ಅನುಭವವೂ ಇದರ ಹತ್ತಿರದ್ದು.

ವೇಷ ನಡೆಯನ್ನು ಬದಲಿಸುತ್ತದೆ ಅನ್ನುವುದಕ್ಕೆ ಪ್ರಯೋಗದ ಬೆಂಬಲವೂ ಇದೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಅವತಾರ್ (ವಿಆರ್ ಒಳಗೆ ನಮ್ಮ ಬದಲು ಕಾಣುವ ದೇಹ) ಸಿಕ್ಕವರು ದುಡ್ಡು ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತರು. ಅವರ ನಿಜವಾದ ಎತ್ತರ ಎಷ್ಟೇ ಇರಲಿ. ಇದಕ್ಕೆ ಪ್ರೋಟಿಯಸ್ ಪರಿಣಾಮ ಅಂತ ಹೆಸರಿಟ್ಟರು. ನಾಚಿಕೆ ಸ್ವಭಾವದವರು ನರಿಯ ರೂಪದಲ್ಲಿ ಅಪರಿಚಿತರ ಜೊತೆ ಸಲೀಸಾಗಿ ಮಾತಾಡುವುದನ್ನು ಅರ್ಥ ಮಾಡಿಕೊಳ್ಳಲು ಇದು ನೆರವಾಗುತ್ತದೆ.

2020: ಬಾಗಿಲು ಮುಚ್ಚಿದಾಗ

ಕೋವಿಡ್ ಬಂದು ಎಲ್ಲ ಸಮ್ಮೇಳನಗಳೂ ರದ್ದಾದವು. ಬೇರೆ ಸಮ್ಮೇಳನಗಳವರು ಜೂಮ್‌ಗೆ ಹೋದರು. ಫರ್ರಿಗಳಿಗೆ ಜೂಮ್ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ, ಯಾಕಂದರೆ ಅಲ್ಲಿ ಕಾಣುವುದು ಅವರದೇ ಮುಖ. ಅವರಿಗೆ ಬೇಕಿದ್ದದ್ದು ಪಾತ್ರದ ದೇಹ ಹೊತ್ತು ಓಡಾಡುವ ಜಾಗ.

ಆ ಜಾಗ ಮೊದಲೇ ಸಿದ್ಧವಿತ್ತು. ವಿಆರ್‌ಚಾಟ್ ಎಂಬ ಸಣ್ಣ ಕಂಪನಿ 2017ರಲ್ಲಿ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಬಂದಿತ್ತು. ಅದರ ಮುಖ್ಯ ಗುಣ ಒಂದೇ: ಬಳಕೆದಾರರು ತಾವೇ ಮಾಡಿದ ದೇಹವನ್ನು, ತಾವೇ ಕಟ್ಟಿದ ಲೋಕವನ್ನು ಅಲ್ಲಿಗೆ ಏರಿಸಬಹುದು. ಕೆಲವು ಫರ್ರಿಗಳು ಅಲ್ಲಿ ಆಗಲೇ ನೆಲೆಸಿದ್ದರು. 2020ರಲ್ಲಿ ಅವರೇ ಸೇರಿ ಮೊದಲ ಫ್ಯುರಾಲಿಟಿ ನಡೆಸಿದರು. ಕೋವಿಡ್ ಇಳಿದ ಮೇಲೆ ಬಹಳಷ್ಟು ಆನ್‌ಲೈನ್ ಕಾರ್ಯಕ್ರಮಗಳು ಕಾಣೆಯಾದವು, ಇದು ಮಾತ್ರ ಬೆಳೆಯಿತು. 2022ರಲ್ಲಿ ಆಕ್ವಾ, 2023ರಲ್ಲಿ ಸಿಲ್ವಾ, 2024ರಲ್ಲಿ ಅಂಬ್ರಾ, 2025ರಲ್ಲಿ ಸೋಮ್ನಾ ಹೀಗೆ ವರ್ಷಕ್ಕೊಂದು ಹೆಸರು, ವರ್ಷಕ್ಕೊಂದು ಹೊಸ ಲೋಕ. ಒಮ್ಮೆ ಸಮುದ್ರದ ಆಳ, ಒಮ್ಮೆ ಕಾಡು, ಒಮ್ಮೆ ನಿಯಾನ್ ದೀಪದ ನಗರ, ಇನ್ನೊಮ್ಮೆ ಕನಸಿನ ಲೋಕ.

ಒಂದು ದೇಹಕ್ಕೆ ಎಷ್ಟು ಖರ್ಚು?

ಬೆಳೆಯಲು ಮೊದಲ ಕಾರಣ ದುಡ್ಡು. ಹೊರಗಿನ ಸಮ್ಮೇಳನಗಳಲ್ಲಿ ಫರ್‌ಸೂಟ್ ಅನ್ನುವ ರೋಮದ ವೇಷ ಹಾಕುತ್ತಾರೆ. ಒಳ್ಳೆಯ ಕುಶಲಕರ್ಮಿ ಕೈಯಲ್ಲಿ ಪೂರ್ತಿ ಸೂಟ್ ಮಾಡಿಸಿದರೆ ಹಲವು ಸಾವಿರ ಡಾಲರ್ ಆಗುತ್ತದೆ, ಸರದಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಒಳಗೆ ಬೆವರಿನಲ್ಲಿ ನೆನೆಯಬೇಕು, ಸರಿಯಾಗಿ ಏನೂ ಕಾಣುವುದಿಲ್ಲ, ಮಾತಾಡುವುದೂ ಕಷ್ಟ. ಹಾಗಾಗಿ ಬಳಗದಲ್ಲಿ ಪೂರ್ತಿ ಸೂಟ್ ಇರುವವರು ಕಡಿಮೆ. ಉಳಿದವರು ಕುತ್ತಿಗೆಗೆ ತಮ್ಮ ಪಾತ್ರದ ಚಿತ್ರವಿರುವ ಬ್ಯಾಡ್ಜ್ ಹಾಕಿಕೊಂಡು ಸಮಾಧಾನ ಪಡುತ್ತಾರೆ.

ವಿಆರ್‌ನಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಮೂರು ಆಯಾಮದ ಸಿದ್ಧ ದೇಹವೊಂದು ಕೆಲವು ಹತ್ತು ಡಾಲರ್‌ಗೆ ಸಿಗುತ್ತದೆ. ಅದನ್ನು ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರ ಮಾಡುವ ಸಾಫ್ಟ್‌ವೇರ್‌ನಲ್ಲಿ ತೆರೆದು ಕಿವಿ ಉದ್ದ ಮಾಡಬಹುದು, ಮೂತಿ ಗಿಡ್ಡ ಮಾಡಬಹುದು. ಚರ್ಮದ ಬಣ್ಣ, ಪಟ್ಟೆ, ಚುಕ್ಕೆ ತಾವೇ ಬಳಿಯಬಹುದು. ನಂತರ ಆಟಗಳನ್ನು ಕಟ್ಟುವ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ಜೋಡಿಸಿ ಏರಿಸಿದರೆ ಆಯಿತು. ಕಲಿಯಲು ವಾರಗಳು ಹಿಡಿಯುತ್ತವೆ, ಆದರೆ ಪುಕ್ಕಟೆ ಪಾಠಗಳು ಬೇಕಾದಷ್ಟಿವೆ. ಕೈಲಾಗದವರು ಬಳಗದ ಇನ್ನೊಬ್ಬ ಕಲಾವಿದನಿಗೆ ದುಡ್ಡು ಕೊಟ್ಟು ಮಾಡಿಸುತ್ತಾರೆ. ಇದರಿಂದ ಒಂದು ಸಣ್ಣ ಆರ್ಥಿಕ ಚಕ್ರವೇ ಹುಟ್ಟಿತು: ಮಾದರಿ ಮಾಡುವವರು, ಬಣ್ಣ ಹಾಕುವವರು, ಅವತಾರ್‌ಗೆ ಬಟ್ಟೆ ಹೊಲಿಯುವವರು, ಬಾಲ ಅಲ್ಲಾಡುವುದನ್ನು ಸರಿಪಡಿಸುವವರು.

ಬಾಲ ಅಂದೆ. ಇದು ಸಣ್ಣ ವಿಷಯವಲ್ಲ. 2022ರಲ್ಲಿ ವಿಆರ್‌ಚಾಟ್ ಫಿಸ್‌ಬೋನ್ಸ್ ಅನ್ನುವ ಸೌಲಭ್ಯ ತಂದಿತು. ಅದರಿಂದ ಕಿವಿ, ಬಾಲ, ಜಡೆ ನಡಿಗೆಗೆ ತಕ್ಕಂತೆ ಓಲಾಡುತ್ತವೆ. ಬೇರೆಯವರು ಕೈಚಾಚಿ ಮುಟ್ಟಿದರೆ ಬಾಗುತ್ತವೆ. ತಲೆ ನೇವರಿಸಿದರೆ ಅವತಾರ್‌ನ ಕಣ್ಣು ತಾನಾಗಿ ಮುಚ್ಚುವ ಹಾಗೆ ಮಾಡಿಕೊಳ್ಳಬಹುದು. ಸೊಂಟಕ್ಕೆ, ಕಾಲಿಗೆ ಚಲನೆ ಹಿಡಿಯುವ ಟ್ರ್ಯಾಕರ್ ಕಟ್ಟಿಕೊಂಡರೆ ಕುಣಿದ ಹೆಜ್ಜೆ ಹಾಗೇ ಅಲ್ಲಿ ಮೂಡುತ್ತದೆ. ಕಣ್ಣು, ತುಟಿಯ ಚಲನೆ ಹಿಡಿಯುವ ಹೆಡ್‌ಸೆಟ್ ಇದ್ದರಂತೂ ತೋಳದ ಮುಖದಲ್ಲಿ ನಿಮ್ಮ ನಗು ಕಾಣುತ್ತದೆ. ರೋಮದ ಸೂಟ್‌ನ ಮುಖ ಯಾವಾಗಲೂ ಒಂದೇ ಭಾವದಲ್ಲಿ ಇರುತ್ತದೆ, ಈ ಮುಖ ಹಾಗಲ್ಲ. ಇಲ್ಲಿ ತಂತ್ರಜ್ಞಾನ ನಿಜಕ್ಕೂ ಒಂದು ಹೊಸ ಕಲೆಯನ್ನು ಸಾಧ್ಯ ಮಾಡಿದೆ ಅಂತ ಹೇಳಲು ನನಗೆ ಹಿಂಜರಿಕೆ ಇಲ್ಲ.

80 ಜನರ ಕೋಣೆಯಲ್ಲಿ ಸಾವಿರಾರು ಜನ

ಈಗ ಇದರ ತಾಂತ್ರಿಕ ತೊಡಕಿಗೆ ಬರೋಣ. ವಿಆರ್‌ಚಾಟ್‌ನ ಒಂದು ಕೋಣೆಯಲ್ಲಿ ಹೆಚ್ಚೆಂದರೆ 80 ಜನ ಇರಬಹುದು. ಯಾಕೆ ಈ ಮಿತಿ? ಪ್ರತಿಯೊಬ್ಬರ ಅವತಾರ್ ಕೂಡ ಬೇರೆ ಬೇರೆ, ಅದರ ರೋಮ, ಹೊಳಪು, ಬಾಲದ ಓಲಾಟ ಎಲ್ಲವನ್ನೂ ನೋಡುವವರ ಕಂಪ್ಯೂಟರೇ ಲೆಕ್ಕ ಹಾಕಿ ಚಿತ್ರಿಸಬೇಕು. 79 ಪ್ರಾಣಿಗಳನ್ನು ಎರಡು ಕಣ್ಣಿಗೂ ಪ್ರತ್ಯೇಕವಾಗಿ, ಸೆಕೆಂಡಿಗೆ ಹತ್ತಾರು ಬಾರಿ ಚಿತ್ರಿಸಬೇಕು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೂಡ ಏದುಸಿರು ಬಿಡುತ್ತದೆ.

ಹಾಗಾದರೆ ಸಾವಿರಾರು ಜನರಿಗೆ ಒಂದೇ ಸಂಗೀತ ಕಾರ್ಯಕ್ರಮ ತೋರಿಸುವುದು ಹೇಗೆ? ಅದೇ ಸಭಾಂಗಣದ ಹಲವಾರು ಪ್ರತಿಗಳನ್ನು ಒಟ್ಟಿಗೆ ತೆರೆಯುತ್ತಾರೆ. ಡಿಜೆ ತನ್ನ ಮನೆಯಿಂದ ಕಳಿಸುವ ವೀಡಿಯೊ ಎಲ್ಲ ಪ್ರತಿಗಳಿಗೂ ಹೋಗುತ್ತದೆ. ಇಷ್ಟು ಸುಲಭ. ಕಷ್ಟ ಇರುವುದು ಬೆಳಕಿನಲ್ಲಿ. ಹಾಡಿನ ತಾಳ ಬಿದ್ದ ಕ್ಷಣಕ್ಕೇ ದೀಪಗಳು ತಿರುಗಬೇಕು, ಎಲ್ಲ ಪ್ರತಿಗಳಲ್ಲೂ, ಪ್ರತಿಯೊಬ್ಬರ ಕಣ್ಣಿಗೂ. ಒಬ್ಬರ ಇಂಟರ್ನೆಟ್ ವೇಗ, ಇನ್ನೊಬ್ಬರ ನಿಧಾನ. ದೀಪದ ಆದೇಶಗಳನ್ನು ಬೇರೆಯಾಗಿ ಕಳಿಸಿದರೆ ಹಾಡು ಒಂದು ಕಡೆ, ಬೆಳಕು ಒಂದು ಕಡೆ ಆಗುತ್ತದೆ.

ಇದಕ್ಕೆ ಈ ಬಳಗದವರು ಕಂಡುಕೊಂಡ ಉಪಾಯ ಬಹಳ ಚೆನ್ನಾಗಿದೆ. ನಿಜವಾದ ವೇದಿಕೆಗಳಲ್ಲಿ ದೀಪಗಳನ್ನು ನಿಯಂತ್ರಿಸಲು ಡಿಎಂಎಕ್ಸ್ ಅನ್ನುವ ಸಂಕೇತ ಬಳಸುತ್ತಾರೆ. ಫ್ಯುರಾಲಿಟಿಯ ಕ್ಲಬ್‌ನಲ್ಲಿ ದೀಪ ನಡೆಸುವವರೂ ಅದೇ ವೃತ್ತಿಪರ ಸಾಫ್ಟ್‌ವೇರ್ ಬಳಸುತ್ತಾರೆ. ಅದರಿಂದ ಬರುವ ಅಂಕಿಗಳನ್ನು ಸಣ್ಣ ಸಣ್ಣ ಕಪ್ಪು-ಬಿಳುಪು ಚೌಕಗಳಾಗಿ ಬದಲಿಸಿ, ಡಿಜೆಯ ವೀಡಿಯೊದ ಅಂಚಿನಲ್ಲೇ ಸೇರಿಸುತ್ತಾರೆ. ನೋಡುವವರ ಕಂಪ್ಯೂಟರ್‌ನಲ್ಲಿರುವ ಶೇಡರ್ (ಬಣ್ಣ, ಬೆಳಕು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ) ಆ ಚೌಕಗಳನ್ನು ಓದಿ ದೀಪ ತಿರುಗಿಸುತ್ತದೆ. ಹಾಡು, ಬೆಳಕು ಎರಡೂ ಒಂದೇ ವೀಡಿಯೊದಲ್ಲಿ ಬರುವುದರಿಂದ ತಾಳ ತಪ್ಪುವುದಿಲ್ಲ. ನಿಮ್ಮ ಇಂಟರ್ನೆಟ್ ಹತ್ತು ಸೆಕೆಂಡು ಹಿಂದಿದ್ದರೆ ಎರಡೂ ಒಟ್ಟಿಗೇ ಹತ್ತು ಸೆಕೆಂಡು ಹಿಂದಿರುತ್ತವೆ.

ಇದರ ಜೊತೆಗೆ ಆಡಿಯೋಲಿಂಕ್ ಅಂತ ಇನ್ನೊಂದು ಮುಕ್ತ ಸಾಧನವಿದೆ. ಅದು ಹಾಡಿನ ಮಂದ್ರ, ತಾರ ಸ್ವರಗಳನ್ನು ಬೇರೆ ಮಾಡಿ ಅವತಾರ್‌ಗಳಿಗೆ ಕೊಡುತ್ತದೆ. ಆಗ ನೋಡಲು ಬಂದವರ ಮೈಮೇಲಿನ ಪಟ್ಟೆಗಳೇ ತಾಳಕ್ಕೆ ತಕ್ಕಂತೆ ಮಿನುಗುತ್ತವೆ. ಅಂದರೆ ಪ್ರೇಕ್ಷಕರೇ ಬೆಳಕಿನ ವಿನ್ಯಾಸದ ಭಾಗ.

ನಮ್ಮಲ್ಲಿ ಇಮ್ಮರ್ಸಿವ್ (ನೋಡುವವರನ್ನು ಸುತ್ತುವರಿಯುವ ಕಲೆ) ಅನ್ನುವ ಹೆಸರಿನಲ್ಲಿ ಹೆಚ್ಚಾಗಿ ಬಂದಿರುವುದು ಗೋಡೆಗೆ ಪ್ರೊಜೆಕ್ಟರ್ ಹಾಕಿ ವ್ಯಾನ್ ಗೋ ಚಿತ್ರಗಳನ್ನು ತೋರಿಸುವ ಪ್ರದರ್ಶನಗಳು. ಬೆಂಗಳೂರಿನವರೂ ಇಂಥದ್ದನ್ನು ನೋಡಿದ್ದಾರೆ. ಅಲ್ಲಿ ಪ್ರೇಕ್ಷಕ ನೆಲದ ಮೇಲೆ ಕೂತು ನೋಡುತ್ತಾನೆ, ಫೋಟೊ ತೆಗೆದುಕೊಳ್ಳುತ್ತಾನೆ, ಮನೆಗೆ ಹೋಗುತ್ತಾನೆ. ಒಮ್ಮೆ ನೋಡಿದವರು ಎರಡನೇ ಸಲ ಬರಲು ಕಾರಣವೇ ಇಲ್ಲ. ಉತ್ತರ ಅಮೆರಿಕದಲ್ಲಿ ಇಂಥ ಪ್ರದರ್ಶನಗಳ ದೊಡ್ಡ ಕಂಪನಿಯಾಗಿದ್ದ ಲೈಟ್‌ಹೌಸ್ ಇಮ್ಮರ್ಸಿವ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಫ್ಯುರಾಲಿಟಿಯಲ್ಲಿ ಬಂದವರೇ ಕೃತಿಯ ಅರ್ಧ ಭಾಗ, ಹಾಗಾಗಿ ಮುಂದಿನ ವರ್ಷ ಬರಲು ಅವರಿಗೆ ಕಾರಣ ಇದೆ: ಹೊಸ ದೇಹ ಮಾಡಿಕೊಂಡಿರುತ್ತಾರೆ, ತೋರಿಸಬೇಕು.

ಮೆಟಾ ಎಲ್ಲಿ ಎಡವಿತು?

2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ತನ್ನ ಹೆಸರನ್ನೇ ಮೆಟಾ ಅಂತ ಬದಲಿಸಿಕೊಂಡಿತು. ಜನ ವಿಆರ್‌ನಲ್ಲಿ ಸೇರಲಿ ಅಂತ ತಂದ ಹೊರೈಜನ್ ವರ್ಲ್ಡ್ಸ್ ಅದರ ಮೆಟಾವರ್ಸ್ ಕನಸಿನ ಮುಖ್ಯ ಬಾಗಿಲು. 2022ರ ಕೊನೆಗೆ ತಿಂಗಳಿಗೆ 5 ಲಕ್ಷ ಬಳಕೆದಾರರು ಬೇಕು ಅಂತ ಗುರಿ ಇತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿದಾಗ ಅದು 2 ಲಕ್ಷವನ್ನೂ ಮುಟ್ಟಿರಲಿಲ್ಲ.

ಅಲ್ಲಿಯ ಅವತಾರ್‌ಗಳಿಗೆ ಆಗ ಕಾಲುಗಳೇ ಇರಲಿಲ್ಲ. ಎಲ್ಲರದ್ದೂ ಒಂದೇ ಅಚ್ಚಿನ ಮುಖ, ನುಣುಪಾದ ಚರ್ಮ, ಕಂಪನಿ ಕೊಟ್ಟ ಪಟ್ಟಿಯಿಂದ ಆರಿಸಿದ ಬಟ್ಟೆ. ಹೊರಗಿನ ಸಾಫ್ಟ್‌ವೇರ್‌ನಲ್ಲಿ ಮಾಡಿದ ದೇಹವನ್ನು ತರುವ ಹಾಗಿರಲಿಲ್ಲ. ಇದಕ್ಕೆ ಕಂಪನಿಗೆ ಅದರದೇ ಕಾರಣಗಳಿದ್ದವು. ಬಳಕೆದಾರರಿಗೆ ಮುಕ್ತ ಕೈ ಕೊಟ್ಟರೆ ಅಶ್ಲೀಲ ರೂಪಗಳು, ಕದ್ದ ಪಾತ್ರಗಳು, ಕಂಪ್ಯೂಟರ್ ಉಸಿರುಗಟ್ಟಿಸುವ ಭಾರದ ಅವತಾರ್‌ಗಳು ಬರುತ್ತವೆ. ವಿಆರ್‌ಚಾಟ್‌ನಲ್ಲಿ ಇವೆಲ್ಲವೂ ಬಂದಿವೆ, ಈಗಲೂ ಇವೆ. ಜಾಹೀರಾತುದಾರರನ್ನು ಕರೆಯಬೇಕಾದ ಕಂಪನಿಗೆ ಅಂಥ ಗೊಂದಲ ಬೇಡ. ಅದಕ್ಕೇ ಎಲ್ಲವನ್ನೂ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತು. ಆ ಹಿಡಿತದ ಫಲವೇ ಖಾಲಿ ಕೋಣೆಗಳು.

2025ರ ಹೊಸ ವರ್ಷದ ಹೊತ್ತಿಗೆ ವಿಆರ್‌ಚಾಟ್‌ನಲ್ಲಿ ಏಕಕಾಲಕ್ಕೆ 1.3 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಎಲ್ಲರೂ ಫರ್ರಿಗಳಲ್ಲ, ಜಪಾನಿನ ಬಳಗ ಬಹಳ ದೊಡ್ಡದು. ಆದರೆ ಎಲ್ಲರಿಗೂ ಸಾಮಾನ್ಯವಾದ ಒಂದು ವಿಷಯ ಇದೆ, ಅವರು ಹೊತ್ತ ದೇಹ ಅವರೇ ಆರಿಸಿದ್ದು ಅಥವಾ ಮಾಡಿದ್ದು. ಕಲಾಲೋಕವೂ ಇದನ್ನು ಗಮನಿಸಿದೆ. ವೆನಿಸ್ ಚಿತ್ರೋತ್ಸವದ ಇಮ್ಮರ್ಸಿವ್ ವಿಭಾಗದಲ್ಲಿ ವಿಆರ್‌ಚಾಟ್‌ನ ಲೋಕಗಳಿಗೆ ಜಾಗ ಸಿಕ್ಕಿದೆ.

ನೆಲ ಇನ್ನೊಬ್ಬರದು

ಇಲ್ಲಿಯವರೆಗೆ ಓದಿದವರಿಗೆ ಇದು ಸುಖಾಂತದ ಕಥೆ ಅನ್ನಿಸಬಹುದು. ಹಾಗಿಲ್ಲ. ಫ್ಯುರಾಲಿಟಿ ನಿಂತಿರುವ ನೆಲ ಫ್ಯುರಾಲಿಟಿಯದ್ದಲ್ಲ.

ಮೈಕ್ರೋಸಾಫ್ಟ್ ನಡೆಸುತ್ತಿದ್ದ ಆಲ್ಟ್‌ಸ್ಪೇಸ್‌ವಿಆರ್ 2023ರ ಮಾರ್ಚ್ 10ರಂದು ಮುಚ್ಚಿತು. ಮೊಝಿಲ್ಲಾ ತನ್ನ ಹಬ್ಸ್ ಸೇವೆಯನ್ನು 2024ರ ಮೇ ಕೊನೆಗೆ ನಿಲ್ಲಿಸಿತು. ಎರಡೂ ಕಡೆ ಕಲಾವಿದರು ವರ್ಷಗಟ್ಟಲೆ ಕಟ್ಟಿದ ಲೋಕಗಳಿದ್ದವು. ಕೆಲವರು ಬೇರೆ ಕಡೆ ಸಾಗಿಸಿಕೊಂಡರು, ಬಹಳಷ್ಟು ಹೋಯಿತು. ವಿಆರ್‌ಚಾಟ್ ಕೂಡ ಗಟ್ಟಿ ನೆಲವೇನಲ್ಲ. 2021ರಲ್ಲಿ 8 ಕೋಟಿ ಡಾಲರ್ ಬಂಡವಾಳ ಪಡೆದ ಈ ಕಂಪನಿ 2024ರ ಜೂನ್‌ನಲ್ಲಿ ಶೇಕಡಾ 30ರಷ್ಟು ಸಿಬ್ಬಂದಿಯನ್ನು ಕಳಿಸಿತು. ಜನ ಬರುತ್ತಿದ್ದಾರೆ, ಆದರೆ ಹಾಕಿದ ಬಂಡವಾಳಕ್ಕೆ ಫಲ ಕೇಳುವವರು ಇದ್ದೇ ಇದ್ದಾರೆ.

ಕಂಪನಿಯ ಒಂದು ನಿರ್ಧಾರ ಎಷ್ಟು ಜನರನ್ನು ತಟ್ಟಬಹುದು ಅನ್ನುವುದಕ್ಕೆ 2022ರ ಜುಲೈ ಉದಾಹರಣೆ. ಹ್ಯಾಕಿಂಗ್ ತಡೆಯಲು ವಿಆರ್‌ಚಾಟ್ ಈಸಿ ಆಂಟಿ-ಚೀಟ್ ಎಂಬ ಕಾವಲು ಸಾಫ್ಟ್‌ವೇರ್ ಅಳವಡಿಸಿತು. ಅದರಿಂದ ಕಿಡಿಗೇಡಿಗಳ ಜೊತೆಗೆ ಎಲ್ಲ ಮಾಡ್‌ಗಳೂ (ಬಳಕೆದಾರರು ತಾವೇ ಸೇರಿಸಿಕೊಂಡ ಮಾರ್ಪಾಡುಗಳು) ನಿಂತವು. ಕಿವಿ ಕೇಳದವರು, ಬೇರೆ ಅಂಗವೈಕಲ್ಯ ಇರುವವರು ನೆಚ್ಚಿಕೊಂಡಿದ್ದ ಮಾಡ್‌ಗಳೂ ಅದರಲ್ಲಿದ್ದವು. ಸ್ಟೀಮ್‌ನಲ್ಲಿ ಸಾವಿರಾರು ಕೋಪದ ವಿಮರ್ಶೆಗಳು ಬಿದ್ದವು. ಕಂಪನಿ ನಿರ್ಧಾರ ಬದಲಿಸಲಿಲ್ಲ, ಆದರೆ ಕೆಲವು ಸೌಲಭ್ಯಗಳನ್ನು ತಾನೇ ಸೇರಿಸಲು ಶುರುಮಾಡಿತು.

ಅದರ ಕೆಳಗೆ ಇನ್ನೊಂದು ನೆಲ ಇದೆ, ಯೂನಿಟಿ. ಈ ಎಲ್ಲ ಅವತಾರ್, ಲೋಕಗಳು ಅದರಲ್ಲೇ ತಯಾರಾಗುವುದು. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕುತ್ತೇನೆ ಅಂತ ಘೋಷಿಸಿ ಆಟ ಮಾಡುವವರೆಲ್ಲರ ನಿದ್ದೆ ಕೆಡಿಸಿತು, ಒಂದು ವರ್ಷದ ನಂತರ ಕೈಬಿಟ್ಟಿತು. ಇನ್ನೂ ಕೆಳಗೆ ಹೋದರೆ ಕಾರ್ಡ್ ಕಂಪನಿಗಳು. ಫರ್ರಿ ಕಲಾವಿದರಲ್ಲಿ ಕೆಲವರು ವಯಸ್ಕರ ಚಿತ್ರಗಳನ್ನೂ ಮಾರುತ್ತಾರೆ. 2024ರ ಮಾರ್ಚ್‌ನಲ್ಲಿ ಕಲಾವಿದರು ಡಿಜಿಟಲ್ ಕೃತಿ ಮಾರುವ ತಾಣ ಗಮ್‌ರೋಡ್, ಹಣಪಾವತಿ ಸಂಸ್ಥೆಗಳ ಒತ್ತಡದಿಂದ, ಅಂಥ ಮಾರಾಟವನ್ನು ನಿಲ್ಲಿಸಿತು. 2025ರ ಜುಲೈನಲ್ಲಿ ಸ್ಟೀಮ್ ಮತ್ತು ಆಟಗಳ ಇನ್ನೊಂದು ಅಂಗಡಿ ಇಚ್ ಕೂಡ ಇಂಥದೇ ಒತ್ತಡಕ್ಕೆ ಸಿಕ್ಕವು. ಆಗ ಇಚ್ ಅವಸರದಲ್ಲಿ ವಯಸ್ಕರ ಪಟ್ಟಿಯಲ್ಲಿದ್ದ ಎಲ್ಲವನ್ನೂ ಹುಡುಕಾಟದಿಂದ ಮರೆಮಾಡಿತು. ಯಾವುದು ಅಶ್ಲೀಲ, ಯಾವುದು ಅಲ್ಲ ಅಂತ ಒಂದೊಂದೇ ನೋಡುವ ಪುರುಸೊತ್ತು ಇಂಥ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಪೆಟ್ಟು ಬೀಳುವುದು ಕಲೆ ಮಾರಿ ಬಾಡಿಗೆ ಕಟ್ಟುವವರ ಮೇಲೆ.

ಸುಳ್ಳು ಭಯ, ನಿಜವಾದ ಭಯ

ಫರ್ರಿಗಳ ಬಗ್ಗೆ ಅಮೆರಿಕದ ರಾಜಕೀಯದಲ್ಲಿ ಹಬ್ಬಿದ ಒಂದು ವದಂತಿ ನಮ್ಮ ವಾಟ್ಸ್ಆ್ಯಪ್‌ವರೆಗೂ ಬಂದಿದೆ. ಅಲ್ಲಿಯ ಶಾಲೆಗಳಲ್ಲಿ ತಮ್ಮನ್ನು ಬೆಕ್ಕು ಅಂದುಕೊಂಡ ಮಕ್ಕಳಿಗೆ ಮಲವಿಸರ್ಜನೆಗೆ ಮರಳಿನ ಡಬ್ಬಿ ಇಡುತ್ತಾರಂತೆ. ಇದು ಸುಳ್ಳು. ಎನ್‌ಬಿಸಿ ನ್ಯೂಸ್ 2022ರಲ್ಲಿ ಹುಡುಕಿದಾಗ ಇದನ್ನು ಹೇಳಿದ ರಾಜಕಾರಣಿಗಳು, ಅಭ್ಯರ್ಥಿಗಳು ಕನಿಷ್ಠ 20 ಜನ ಸಿಕ್ಕರು, ಅಂಥ ಒಂದು ಶಾಲೆಯೂ ಸಿಗಲಿಲ್ಲ. ಕೊಲೊರಾಡೊದ ಒಂದು ಶಾಲಾ ಜಿಲ್ಲೆಯಲ್ಲಿ ಬೆಕ್ಕಿನ ಮರಳು ಇಟ್ಟಿದ್ದು ನಿಜ. ಗುಂಡಿನ ದಾಳಿಯಾಗಿ ಮಕ್ಕಳು ಗಂಟೆಗಟ್ಟಲೆ ತರಗತಿಯಲ್ಲೇ ಬೀಗ ಹಾಕಿಕೊಂಡು ಕೂರಬೇಕಾಗಿ ಬಂದರೆ ಇರಲಿ ಅಂತ ಇಟ್ಟ ತುರ್ತು ಬಕೆಟ್‌ನಲ್ಲಿ. ಆದರೂ 2025ರ ಮಾರ್ಚ್‌ನಲ್ಲಿ ಟೆಕ್ಸಾಸ್ ಶಾಸನಸಭೆಯಲ್ಲಿ ಶಾಲೆಯಲ್ಲಿ ಬೊಗಳುವುದು, ಮಿಯಾಂವ್ ಅನ್ನುವುದು, ಬಾಲ ಕಟ್ಟಿಕೊಳ್ಳುವುದನ್ನು ನಿಷೇಧಿಸುವ ಮಸೂದೆ ಬಂತು. ಪಾಸಾಗಲಿಲ್ಲ.

ಈ ಸುಳ್ಳಿನಿಂದ ಆದ ದೊಡ್ಡ ನಷ್ಟ ಏನೆಂದರೆ ನಿಜವಾದ ಪ್ರಶ್ನೆ ಮರೆಯಾಯಿತು. ವಿಆರ್‌ಚಾಟ್‌ಗೆ ಸೇರಲು 13 ವರ್ಷ ಆಗಿರಬೇಕು, ಆದರೆ ಹುಟ್ಟಿದ ದಿನಾಂಕ ಸುಳ್ಳು ಹೇಳಿದರೆ ತಡೆಯುವವರಿರಲಿಲ್ಲ. 2022ರ ಫೆಬ್ರುವರಿಯಲ್ಲಿ ಬಿಬಿಸಿಯ ಸಂಶೋಧಕಿಯೊಬ್ಬರು 13ರ ಹುಡುಗಿಯ ಸೋಗಿನಲ್ಲಿ ಅಲ್ಲಿಗೆ ಹೋದಾಗ ಲೈಂಗಿಕ ದೃಶ್ಯ, ಜನಾಂಗೀಯ ನಿಂದನೆ, ಬೆದರಿಕೆ ಎಲ್ಲವನ್ನೂ ಕಂಡರು. ಡಿಜಿಟಲ್ ದ್ವೇಷದ ಮೇಲೆ ಕೆಲಸ ಮಾಡುವ ಸಿಸಿಡಿಎಚ್ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಹನ್ನೊಂದೂವರೆ ಗಂಟೆಯ ದಾಖಲೆಯಲ್ಲಿ 100 ಉಲ್ಲಂಘನೆಗಳನ್ನು ಗುರುತಿಸಿತು. ಇದು ಫರ್ರಿಗಳ ತಪ್ಪು ಅಂತಲ್ಲ, ಇಡೀ ವೇದಿಕೆಯ ಕೊರತೆ. ಆದರೆ ಮುದ್ದಾದ ಪ್ರಾಣಿ ರೂಪಗಳು ಮಕ್ಕಳನ್ನು ಸೆಳೆಯುತ್ತವೆ, ಅದೇ ರೂಪದ ಹಿಂದೆ ದೊಡ್ಡವರೂ ಇರುತ್ತಾರೆ. ಅದನ್ನು ಒಪ್ಪಿಕೊಳ್ಳದೆ ಈ ಕಲೆಯನ್ನು ಸಮರ್ಥಿಸಲು ಆಗುವುದಿಲ್ಲ.

ಆಯೋಜಕರ ವಾದವೂ ಇದೆ: ಸಾರ್ವಜನಿಕ ಕೋಣೆಗಳಿಗಿಂತ ಇಂಥ ಹಬ್ಬಗಳು ಸುರಕ್ಷಿತ, ಯಾಕಂದರೆ ಮೊದಲೇ ನೋಂದಣಿ ಇದೆ, ಮೇಲ್ವಿಚಾರಕರು ಓಡಾಡುತ್ತಿರುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಸ್ವಯಂಸೇವಕರ ಕಣ್ಣು ಎಷ್ಟು ಕೋಣೆಗಳ ಮೇಲೆ ಇಡಲು ಸಾಧ್ಯ?

ಮುಖವಾಡ ತೆಗೆಸುವ ಕಾನೂನು

ಬ್ರಿಟನ್‌ನಲ್ಲಿ 2025ರ ಜುಲೈನಿಂದ ಅಶ್ಲೀಲ ಮತ್ತು ಮಕ್ಕಳಿಗೆ ಹಾನಿ ಮಾಡುವ ವಿಷಯಗಳಿರುವ ತಾಣಗಳಲ್ಲಿ ವಯಸ್ಸಿನ ತಪಾಸಣೆ ಕಡ್ಡಾಯವಾಯಿತು, ಆಸ್ಟ್ರೇಲಿಯಾ ಡಿಸೆಂಬರ್‌ನಲ್ಲಿ 16ರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ನಿಷೇಧಿಸಿತು. ವಿಆರ್‌ಚಾಟ್ ಪರ್ಸೋನಾ ಎಂಬ ಕಂಪನಿಯ ಮೂಲಕ ವಯಸ್ಸು ಖಚಿತಪಡಿಸುವ ವ್ಯವಸ್ಥೆ ತಂದಿದೆ. ಗುರುತಿನ ಚೀಟಿ ತೋರಿಸಬೇಕು, ಸೆಲ್ಫಿ ಕೊಡಬೇಕು. ಹೀಗೆ ದೃಢಪಟ್ಟ 18 ದಾಟಿದವರು ಮಾತ್ರ ಬರುವ ಕೋಣೆಗಳನ್ನು ತೆರೆಯಬಹುದು.

ಮಕ್ಕಳ ದೃಷ್ಟಿಯಿಂದ ಇದು ಒಳ್ಳೆಯ ಹೆಜ್ಜೆ. ಆದರೆ ತಮ್ಮ ಗುರುತು ಮನೆಯವರಿಗೆ, ಆಫೀಸಿನವರಿಗೆ ಗೊತ್ತಾಗಬಾರದು ಅಂತಲೇ ನರಿಯ ಮುಖ ಹಾಕಿಕೊಂಡವರು ಈ ಬಳಗದಲ್ಲಿ ತುಂಬ ಇದ್ದಾರೆ. ಸಲಿಂಗಿಗಳು, ಟ್ರಾನ್ಸ್ ಜನರ ಪಾಲು ಇಲ್ಲಿ ಜಾಸ್ತಿ. ಅವರಿಗೆ ಗುರುತಿನ ಚೀಟಿ ಎಲ್ಲೋ ಒಂದು ಸರ್ವರ್ ಮುಟ್ಟುವುದೇ ಭಯ. ಭಯಕ್ಕೆ ಕಾರಣವಿದೆ. 2025ರ ಅಕ್ಟೋಬರ್‌ನಲ್ಲಿ ಚಾಟ್ ಆ್ಯಪ್ ಡಿಸ್ಕಾರ್ಡ್, ತನ್ನ ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ ಸುಮಾರು 70,000 ಜನರ ಗುರುತಿನ ಚೀಟಿಯ ಫೋಟೊಗಳು ಸೋರಿರಬಹುದು ಅಂತ ಒಪ್ಪಿಕೊಂಡಿತು. ಅವು ಕೂಡ ವಯಸ್ಸಿನ ತಕರಾರಿಗಾಗಿಯೇ ಜನ ಕಳಿಸಿದ್ದವು.

ಇನ್ನೂ ಆಳದ ತೊಂದರೆ ಒಂದಿದೆ. ಗುರುತಿನ ಚೀಟಿ ಕೊಡದಿದ್ದರೂ ವಿಆರ್‌ನಲ್ಲಿ ಗುರುತು ಪೂರ್ತಿ ಮರೆಯಾಗುವುದಿಲ್ಲ. 2023ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಬೀಟ್ ಸೇಬರ್ ಆಟ ಆಡಿದ 55,000ಕ್ಕೂ ಜಾಸ್ತಿ ಜನರ ದತ್ತಾಂಶ ನೋಡಿದರು. ತಲೆ ಮತ್ತು ಎರಡು ಕೈಗಳ ಚಲನೆ ಮಾತ್ರ, ಬೇರೇನಿಲ್ಲ. 100 ಸೆಕೆಂಡಿನ ಚಲನೆ ಸಿಕ್ಕರೆ ಸಾಕು, ಅದು ಯಾರದ್ದು ಅಂತ ಶೇಕಡಾ 94ರಷ್ಟು ಸಲ ಸರಿಯಾಗಿ ಹೇಳಲು ಸಾಧ್ಯವಾಯಿತು. 10 ಸೆಕೆಂಡಿಗೇ ಶೇಕಡಾ 73. ಇಷ್ಟರಿಂದಲೇ ಹೀಗಾದರೆ, ಸೊಂಟ, ಕಾಲು, ಕಣ್ಣು, ತುಟಿ ಎಲ್ಲವನ್ನೂ ಟ್ರ್ಯಾಕ್ ಮಾಡಿಸಿಕೊಂಡು ಕುಣಿಯುವವರು ಎಷ್ಟು ಮಾಹಿತಿ ಕೊಡುತ್ತಿದ್ದಾರೆ ಅಂತ ಲೆಕ್ಕ ಹಾಕಿ. ಮುಖಕ್ಕೆ ಜೀವ ಕೊಟ್ಟ ಅದೇ ಸೆನ್ಸರ್‌ಗಳು ಮುಖವಾಡವನ್ನು ತೆಳುವಾಗಿಸುತ್ತವೆ. ಒಂದು ಬೇಕು, ಇನ್ನೊಂದು ಬೇಡ ಅನ್ನುವ ಆಯ್ಕೆ ಇಂದಿನ ತಂತ್ರಜ್ಞಾನದಲ್ಲಿ ಇಲ್ಲ.

ನಮ್ಮ ಕಡೆ ಏನಾಗುತ್ತದೆ?

ಭಾರತದಿಂದ ಪೂರ್ತಿ ಸಲಕರಣೆಯೊಂದಿಗೆ ಇಂಥ ಹಬ್ಬಕ್ಕೆ ಹೋಗುವುದು ದುಬಾರಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್, ಹೆಡ್‌ಸೆಟ್, ಟ್ರ್ಯಾಕರ್ ಎಲ್ಲ ಸೇರಿದರೆ ಲಕ್ಷ ರೂಪಾಯಿ ದಾಟುತ್ತದೆ. ಹೆಡ್‌ಸೆಟ್ ಇಲ್ಲದೆ ಮಾನಿಟರ್‌ನಲ್ಲೇ ಹೋಗಬಹುದು, ಫೋನ್‌ನಲ್ಲೂ ವಿಆರ್‌ಚಾಟ್ ಇದೆ. ಆದರೆ ಫೋನ್‌ಗೂ, ಕಂಪ್ಯೂಟರ್ ಇಲ್ಲದೆ ನಡೆಯುವ ಕ್ವೆಸ್ಟ್ ಹೆಡ್‌ಸೆಟ್‌ಗೂ ಅವತಾರ್ 10 ಎಂಬಿ ಒಳಗೆ ಇರಬೇಕು. ಹಾಗಾಗಿ ಅಲ್ಲಿ ರೋಮವೂ ಇಲ್ಲ, ಮಿನುಗುವ ಪಟ್ಟೆಗಳೂ ಅಷ್ಟಕ್ಕಷ್ಟೆ. ಒಂದೇ ಹಬ್ಬಕ್ಕೆ ಬಂದವರಲ್ಲಿ ಕೆಲವರಿಗೆ ಪೂರ್ತಿ ಲೋಕ ಕಾಣುತ್ತದೆ, ಕೆಲವರಿಗೆ ಅದರ ಸರಳ ನಕಲು. ಇನ್ನೊಂದು ಕಡೆಯಿಂದ ನೋಡಿದರೆ, ಪಿಟ್ಸ್‌ಬರ್ಗ್‌ಗೆ ಹೋಗಲು ವೀಸಾ ಬೇಕು, ವಿಮಾನ ಟಿಕೆಟ್ ಬೇಕು. ಇಲ್ಲಿಗೆ ಎರಡೂ ಬೇಡ. ಬೆಂಗಳೂರಿನಲ್ಲಿ ಬ್ಲೆಂಡರ್, ಯೂನಿಟಿ ಗೊತ್ತಿರುವ ಹುಡುಗ ಹುಡುಗಿಯರಿಗೆ ಬರವಿಲ್ಲ, ಅವತಾರ್ ಮಾಡಿ ಮಾರುವ ಕೆಲಸವನ್ನು ಎಲ್ಲಿ ಕೂತಾದರೂ ಮಾಡಬಹುದು.

ಕಾನೂನಿನ ಲೆಕ್ಕ ಬೇರೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನ ಎಲ್ಲರೂ ಮಕ್ಕಳು. ಅವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಖಚಿತ ಒಪ್ಪಿಗೆ ಬೇಕು, ಅವರ ವರ್ತನೆಯನ್ನು ಹಿಂಬಾಲಿಸಿ ದಾಖಲಿಸುವ ಹಾಗಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಯಾಗಬೇಕು. ಭಾರತದಲ್ಲಿರುವವರಿಗೆ ಸೇವೆ ಕೊಡುವ ಹೊರದೇಶದ ಕಂಪನಿಗೂ ಈ ಕಾಯ್ದೆ ಅನ್ವಯಿಸುತ್ತದೆ. 16 ವರ್ಷದ ಒಬ್ಬ ಹುಡುಗ ತೋಳದ ರೂಪದಲ್ಲಿ ಕುಣಿಯುವಾಗ ಅವನ ಕೈಕಾಲಿನ ಚಲನೆಯನ್ನು ಸರ್ವರ್ ಕ್ಷಣಕ್ಷಣವೂ ಪಡೆದು ಉಳಿದ 79 ಜನರಿಗೆ ಕಳಿಸುತ್ತದೆ, ಕಳಿಸದಿದ್ದರೆ ಅವನು ಕುಣಿದಿದ್ದು ಯಾರಿಗೂ ಕಾಣುವುದೇ ಇಲ್ಲ. ಇದು ಕಾಯ್ದೆ ಹೇಳುವ ಹಿಂಬಾಲಿಸುವಿಕೆಯೇ, ಅಥವಾ ಸೇವೆ ನಡೆಯಲು ಬೇಕೇ ಬೇಕಾದ ಮಾಹಿತಿಯೇ? ನಿಯಮಗಳಲ್ಲಿ ಶಿಕ್ಷಣ, ಆರೋಗ್ಯದಂಥ ಕೆಲವು ಕ್ಷೇತ್ರಗಳಿಗೆ ವಿನಾಯಿತಿ ಇದೆ, ವಿಆರ್ ಕಲೆಯ ಹೆಸರು ಅಲ್ಲೆಲ್ಲೂ ಇಲ್ಲ. ಕಂಪನಿಗಳು ಈ ಪ್ರಶ್ನೆಯ ಉತ್ತರಕ್ಕೆ ಕಾಯುವ ಬದಲು ಭಾರತದ 18ರ ಒಳಗಿನವರನ್ನು ಪೂರ್ತಿ ಹೊರಗಿಡುವ ಸುಲಭದ ದಾರಿ ಹಿಡಿಯುವ ಸಾಧ್ಯತೆಯೇ ಹೆಚ್ಚು. ಆಗ ಹುಟ್ಟಿದ ದಿನಾಂಕ ಸುಳ್ಳು ಹೇಳಿ ಒಳಗೆ ಬರುವವರು ಮಕ್ಕಳಿಗೆಂದು ಇರುವ ರಕ್ಷಣೆಯೂ ಇಲ್ಲದೆ ದೊಡ್ಡವರ ಕೋಣೆಗಳಲ್ಲಿ ಇರುತ್ತಾರೆ.